ಟ್ಯಾರಂಟುಲಾ ಪೆಟ್ಟಿಗೆ: ಬಿಸಿ ಎಷ್ಟು, ತೇವ ಎಷ್ಟು?

ಟ್ಯಾರಂಟುಲಾ ಅನ್ನುವ ದೊಡ್ಡ, ಕೂದಲು ತುಂಬಿದ ಜೇಡವನ್ನು ಸಾಕಲು ಶುರು ಮಾಡಿದವರು ಮೊದಲು ಹುಡುಕುವುದು ಎರಡೇ ಅಂಕಿ. ಎಷ್ಟು ಡಿಗ್ರಿ, ಎಷ್ಟು ಪರ್ಸೆಂಟ್. ಹುಡುಕಿದರೆ ಸಿಗುತ್ತವೆ ಕೂಡ, ‘26 ಡಿಗ್ರಿ, 75 ಪರ್ಸೆಂಟ್’ ಅನ್ನುವಂಥ ಪಟ್ಟಿಗಳಿಗೆ ಬರವಿಲ್ಲ. ಅದನ್ನು ನಂಬಿ ಒಂದು ತೇವಾಂಶದ ಮೀಟರ್, ಒಂದು ಹೀಟ್ ಮ್ಯಾಟ್ (ಕರೆಂಟಿನಿಂದ ಬಿಸಿಯಾಗುವ ತೆಳು ಹಾಳೆ), ಒಂದು ಸ್ಪ್ರೇ ಬಾಟಲಿ ತಂದು, ಮುಳ್ಳು ಇಳಿದಾಗ ನೀರು ಚಿಮುಕಿಸುತ್ತಾ, ಏರಿದಾಗ ಮುಚ್ಚಳ ತೆಗೆಯುತ್ತಾ ಇಡೀ ದಿನ ಅದರ ಹಿಂದೆಯೇ ಇರುವವರು ಬೇಕಾದಷ್ಟು ಜನ ಇದ್ದಾರೆ. ಜೇಡಕ್ಕೆ ಇದರಿಂದ ಸಿಗುವುದು ಕಿರಿಕಿರಿ ಮಾತ್ರ.

ನನ್ನ ಸಲಹೆ ನೇರವಾಗಿ ಹೇಳುತ್ತೇನೆ. ತೇವಾಂಶವನ್ನು ಪರ್ಸೆಂಟ್‌ನಲ್ಲಿ ಅಳೆಯುವುದನ್ನು ಬಿಡಿ. ಮಣ್ಣು ಹಸಿಯಾಗಿದೆಯಾ ಒಣಗಿದೆಯಾ ನೋಡಿ, ಗಾಳಿ ಆಡುತ್ತಿದೆಯಾ ನೋಡಿ, ಬಟ್ಟಲಲ್ಲಿ ನೀರಿದೆಯಾ ನೋಡಿ, ಜೇಡ ಎಲ್ಲಿ ಹೇಗೆ ಕೂತಿದೆ ನೋಡಿ. ಬಿಸಿಗೆ ಮಾತ್ರ ಒಂದು ಥರ್ಮಾಮೀಟರ್ ಇರಲಿ. ಇಷ್ಟನ್ನು ಹೇಗೆ ಮಾಡುವುದು ಅನ್ನುವುದು ಮುಂದಿದೆ.

ಹೆಜ್ಜೆ 1: ನಿಮ್ಮ ಜೇಡ ಯಾವ ಗುಂಪಿನದು ತಿಳಿದುಕೊಳ್ಳಿ

ಟ್ಯಾರಂಟುಲಾ ಅಂದರೆ ಒಂದು ಜೇಡವಲ್ಲ, ಸಾವಿರಕ್ಕೂ ಹೆಚ್ಚು ಜಾತಿಗಳಿರುವ ದೊಡ್ಡ ಕುಟುಂಬ. ಮರುಭೂಮಿಯ ಅಂಚಿನಲ್ಲಿ ಬದುಕುವವೂ ಇವೆ, ಸದಾ ಮಳೆ ಬೀಳುವ ಕಾಡಿನಲ್ಲಿ ಬದುಕುವವೂ ಇವೆ. ಸಾಕುವವರ ಲೆಕ್ಕದಲ್ಲಿ ಮೂರು ಗುಂಪು ಮಾಡಿಕೊಂಡರೆ ಸಾಕು.

ಒಣ ನೆಲದವು ಮೊದಲನೆಯವು. ಚಿಲಿಯನ್ ರೋಸ್, ಮೆಕ್ಸಿಕನ್ ರೆಡ್ ನೀ, ವೆನೆಜುವೆಲಾದ ಪರಗ್ವಾನಾ ಪರ್ಯಾಯ ದ್ವೀಪದ ಗ್ರೀನ್ ಬಾಟಲ್ ಬ್ಲೂ, ಆಫೋನೊಪೆಲ್ಮಾ ಕುಲದ ಹಲವು ಜೇಡಗಳು ಇಲ್ಲಿಗೆ ಬರುತ್ತವೆ. ಇವುಗಳಿಗೆ ಒಣ ಮಣ್ಣು, ಒಂದು ಬಟ್ಟಲು ನೀರು. ಅಷ್ಟೇ.

ಎರಡನೆಯವು ಹಸಿ ನೆಲದವು. ದಕ್ಷಿಣ ಅಮೆರಿಕದ ಉತ್ತರ ಭಾಗದ ಮಳೆಕಾಡಿನ ಗೋಲಿಯತ್ ಬರ್ಡ್ ಈಟರ್ ಇದಕ್ಕೆ ಒಳ್ಳೆ ಉದಾಹರಣೆ. ಏಷ್ಯಾದ ಬಿಲ ತೋಡುವ ಜೇಡಗಳಲ್ಲಿ ಹೆಚ್ಚಿನವೂ ಇದೇ ಗುಂಪು. ಮಣ್ಣು ಒಣಗಿದರೆ ಇವು ನಿಜಕ್ಕೂ ಕಷ್ಟಪಡುತ್ತವೆ. ಕರ್ಲಿ ಹೇರ್ ಅನ್ನುವ ಟ್ಯಾರಂಟುಲಾದಂಥವು ಈ ಎರಡರ ನಡುವೆ ಎಲ್ಲೋ ಬರುತ್ತವೆ, ಒಂದು ಮೂಲೆ ಹಸಿ ಇದ್ದರೆ ಖುಷಿ, ಇಲ್ಲದಿದ್ದರೂ ಹೊಂದಿಕೊಳ್ಳುತ್ತವೆ.

ಮೂರನೆಯವು ಮರದ ಮೇಲಿನವು. ಮಾರ್ಟಿನಿಕ್ ದ್ವೀಪದ ಕ್ಯಾರಿಬೆನಾ ವರ್ಸಿಕಲರ್, ಭಾರತ ಮತ್ತು ಶ್ರೀಲಂಕಾದ ಪೊಯೆಸಿಲೋಥೀರಿಯಾ ಜೇಡಗಳು ಈ ಗುಂಪಿನವು. ಇವುಗಳ ವಿಷಯದಲ್ಲಿ ತೇವಕ್ಕಿಂತ ಗಾಳಿಯ ಓಡಾಟವೇ ದೊಡ್ಡ ಪ್ರಶ್ನೆ.

ಇನ್ನೊಂದು ಮಾತು. ಜೇಡದ ಊರಿನ ಹವಾಮಾನದ ಅಂಕಿ ಹುಡುಕಿ, ಅದನ್ನೇ ಪೆಟ್ಟಿಗೆಯಲ್ಲಿ ತರಲು ಹೊರಡಬೇಡಿ. ಹವಾಮಾನ ಕೇಂದ್ರ ಅಳೆಯುವುದು ನೆಲದಿಂದ ಮೇಲಿನ ಗಾಳಿಯನ್ನು. ಜೇಡ ಇರುವುದು ಬಿಲದ ಒಳಗೆ. ಹೊರಗೆ 40 ಡಿಗ್ರಿ ಸುಡುತ್ತಿದ್ದರೂ ಆಳದ ಬಿಲ ತಂಪಾಗಿ, ಸ್ವಲ್ಪ ತೇವವಾಗಿಯೇ ಇರುತ್ತದೆ. ಮರುಭೂಮಿಯ ಜೇಡಕ್ಕೆ ಮರುಭೂಮಿಯ ಬಿಸಿ ಬೇಕು ಅಂದುಕೊಳ್ಳುವುದು ಇಲ್ಲೇ ತಪ್ಪುತ್ತದೆ. ಅದು ಬದುಕಿರುವುದೇ ಆ ಬಿಸಿಯಿಂದ ತಪ್ಪಿಸಿಕೊಂಡು.

ಹೆಜ್ಜೆ 2: ಕೋಣೆಯ ಬಿಸಿ ಅಳೆಯಿರಿ, ಆಮೇಲೆ ಸುಮ್ಮನಿರಿ

ಒಂದು ಡಿಜಿಟಲ್ ಥರ್ಮಾಮೀಟರ್ ತೆಗೆದುಕೊಂಡು ಪೆಟ್ಟಿಗೆ ಇಡುವ ಜಾಗದಲ್ಲೇ ಒಂದು ಹಗಲು, ಒಂದು ರಾತ್ರಿ ಇಡಿ. ಕೋಣೆಯ ನಡುವೆ ಅಲ್ಲ, ಅದೇ ಕಪಾಟಿನ ಅದೇ ಹಲಗೆಯ ಮೇಲೆ. ಒಂದೇ ಕೋಣೆಯಲ್ಲಿ ಮೇಲಿನ ಹಲಗೆಗೂ ನೆಲಕ್ಕೂ ಕೆಲವು ಡಿಗ್ರಿ ವ್ಯತ್ಯಾಸ ಇರುತ್ತದೆ. ಹೆಚ್ಚು ಕಡಿಮೆ ಎರಡನ್ನೂ ನೆನಪಿಟ್ಟುಕೊಳ್ಳುವ ಮೀಟರ್ ಆದರೆ ಇನ್ನೂ ಒಳ್ಳೆಯದು.

20ರಿಂದ 28 ಡಿಗ್ರಿ ಸೆಲ್ಸಿಯಸ್ ನಡುವೆ ಇದೆಯಾ? ಹಾಗಾದರೆ ಏನೂ ಮಾಡಬೇಡಿ. ಸಾಕುವ ಟ್ಯಾರಂಟುಲಾಗಳಲ್ಲಿ ಬಹುತೇಕ ಎಲ್ಲವಕ್ಕೂ ಇದು ಸಾಕು. ರಾತ್ರಿ ಒಂದೆರಡು ಡಿಗ್ರಿ ಇನ್ನೂ ಇಳಿದರೆ ಭಯ ಬೇಡ, ಕಾಡಲ್ಲೂ ರಾತ್ರಿ ತಂಪಾಗಿಯೇ ಇರುತ್ತದೆ ಅಲ್ವಾ.

ಈ 20ಕ್ಕೂ 28ಕ್ಕೂ ನಡುವೆ ಎಲ್ಲಿದ್ದರೆ ಏನು ವ್ಯತ್ಯಾಸ ಅಂತ ಕೇಳಬಹುದು. ಜೇಡ ತನ್ನ ಮೈಯ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುವುದಿಲ್ಲ, ಸುತ್ತಲಿನ ಬಿಸಿಯೇ ಅದರ ಬಿಸಿ. ಬೆಚ್ಚಗಿದ್ದರೆ ಜಾಸ್ತಿ ತಿನ್ನುತ್ತದೆ, ಬೇಗ ಬೆಳೆಯುತ್ತದೆ, ಬೇಗ ಬೇಗ ಪೊರೆ ಬಿಡುತ್ತದೆ, ಆಯಸ್ಸೂ ಅಷ್ಟೇ ಬೇಗ ಸವೆಯುತ್ತದೆ. ತಂಪಾಗಿದ್ದರೆ ಎಲ್ಲವೂ ನಿಧಾನ. ಊಟ ಕಡಿಮೆ, ಓಡಾಟ ಕಡಿಮೆ. ಎರಡರಲ್ಲೂ ಜೇಡ ಆರೋಗ್ಯವಾಗಿಯೇ ಇರುತ್ತದೆ. ಹಾಗಾಗಿ ಚಳಿಗಾಲದಲ್ಲಿ ಜೇಡ ಕೆಲವು ವಾರ ತಿನ್ನಲಿಲ್ಲ ಅಂತ ಹೀಟರ್ ತರಲು ಓಡಬೇಡಿ. ಹೊಟ್ಟೆ ದುಂಡಗಿದ್ದರೆ ಅದಕ್ಕೆ ಹಸಿವಿಲ್ಲ ಅಂತಷ್ಟೇ ಅರ್ಥ.

ಪೆಟ್ಟಿಗೆಯನ್ನು ಕಿಟಕಿಯ ಬಿಸಿಲು ಬೀಳುವ ಕಡೆ ಎಂದಿಗೂ ಇಡಬೇಡಿ. ಬೆಳಿಗ್ಗೆ ನೆರಳಿದ್ದ ಜಾಗಕ್ಕೆ ಮಧ್ಯಾಹ್ನ ಬಿಸಿಲು ಬರಬಹುದು, ಋತು ಬದಲಾದಾಗ ಬಿಸಿಲು ಬೀಳುವ ಜಾಗವೂ ಬದಲಾಗುತ್ತದೆ. ಮುಚ್ಚಿದ ಸಣ್ಣ ಗಾಜಿನ ಅಥವಾ ಪ್ಲಾಸ್ಟಿಕ್ ಪೆಟ್ಟಿಗೆಗೆ ನೇರ ಬಿಸಿಲು ಬಿದ್ದರೆ ಒಳಗಿನ ಬಿಸಿ ನಿಮಿಷಗಳಲ್ಲಿ ಏರುತ್ತದೆ, ಜೇಡಕ್ಕೆ ಓಡಿಹೋಗಲು ಜಾಗ ಇರುವುದಿಲ್ಲ. ಟಿವಿ, ಫ್ರಿಜ್, ಅಡುಗೆ ಒಲೆಯ ಪಕ್ಕವೂ ಬೇಡ. ಎಸಿಯ ಗಾಳಿ ನೇರವಾಗಿ ಬಡಿಯುವ ಜಾಗವೂ ಬೇಡ, ಅದು ತಂಪಿಗಿಂತ ಹೆಚ್ಚಾಗಿ ಮಣ್ಣನ್ನು ಒಣಗಿಸುತ್ತದೆ.

ಹೆಜ್ಜೆ 3: ಕೋಣೆ ನಿಜಕ್ಕೂ ತಣ್ಣಗಿದ್ದರೆ

ದಿನಗಟ್ಟಲೆ 18ಕ್ಕಿಂತ ಕೆಳಗೇ ನಿಂತಿದೆ ಅಂದರೆ ಸ್ವಲ್ಪ ಬೆಚ್ಚಗೆ ಮಾಡುವುದು ಒಳ್ಳೆಯದು. ಮರಿಗಳಿಗೆ ಮತ್ತು ಮಳೆಕಾಡಿನ ಜೇಡಗಳಿಗಂತೂ ಬೇಕೇ ಬೇಕು. ಆದರೆ ಬೆಚ್ಚಗೆ ಮಾಡುವ ರೀತಿಯಲ್ಲೇ ಜನ ಜೇಡಗಳನ್ನು ಕೊಲ್ಲುವುದು, ಅದಕ್ಕೆ ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಪೆಟ್ಟಿಗೆಯ ಅಡಿಯಲ್ಲಿ ಹೀಟ್ ಮ್ಯಾಟ್ ಇಡಬೇಡಿ. ಹಾವು, ಹಲ್ಲಿ ಸಾಕುವವರು ಇಡುತ್ತಾರೆ, ಪ್ಯಾಕೆಟ್ ಮೇಲೂ ಹಾಗೇ ಚಿತ್ರ ಇರುತ್ತದೆ. ಜೇಡದ ಲೆಕ್ಕ ಬೇರೆ. ಕಾಡಿನಲ್ಲಿ ಬಿಸಿ ಬರುವುದು ಮೇಲಿನಿಂದ, ಸೂರ್ಯನಿಂದ. ಬಿಸಿಯಾದರೆ ಕೆಳಗೆ ತೋಡು ಅನ್ನುವುದು ಅದರ ಹುಟ್ಟುಗುಣ. ಅಡಿಯಲ್ಲಿ ಮ್ಯಾಟ್ ಇದ್ದರೆ ಅದು ತಪ್ಪಿಸಿಕೊಳ್ಳಲು ತೋಡಿ ತೋಡಿ ನೇರವಾಗಿ ಬಿಸಿಯ ಮೇಲೆಯೇ ಹೋಗಿ ಕೂರುತ್ತದೆ. ಮೇಲಾಗಿ ಅದು ಉಸಿರಾಡುವ ನಾಲ್ಕು ಬುಕ್ ಲಂಗ್‌ಗಳ (ಪುಸ್ತಕದ ಹಾಳೆಗಳಂತೆ ಪದರ ಪದರವಾಗಿರುವ ಶ್ವಾಸಕೋಶಗಳ) ಸೀಳುಗಳು ಇರುವುದು ಹೊಟ್ಟೆಯ ಕೆಳಭಾಗದಲ್ಲೇ. ಮಣ್ಣು ಕೂಡ ತಳದಿಂದಲೇ ಒಣಗುತ್ತಾ ಬರುತ್ತದೆ, ಮೇಲೆ ನೋಡಿದರೆ ನಿಮಗೆ ಗೊತ್ತೇ ಆಗುವುದಿಲ್ಲ.

ಬಿಸಿ ಬಲ್ಬೂ ಬೇಡ. ಟ್ಯಾರಂಟುಲಾಗೆ ಬೆಳಕು ಇಷ್ಟವಿಲ್ಲ, ಬಲ್ಬಿನ ಬಿಸಿ ಮೈಯ ನೀರನ್ನು ಎಳೆದುಬಿಡುತ್ತದೆ. ಪೆಟ್ಟಿಗೆಯೊಳಗೆ ಇಡುವ ‘ಬಿಸಿ ಕಲ್ಲು’ಗಳ ಬಗ್ಗೆ ಮಾತೇ ಬೇಡ.

ಹಾಗಾದರೆ ಏನು ಮಾಡುವುದು? ಎಲ್ಲಕ್ಕಿಂತ ಸುಲಭ ದಾರಿ, ಕೋಣೆಯನ್ನೇ ಬೆಚ್ಚಗೆ ಮಾಡುವುದು. ಥರ್ಮೋಸ್ಟಾಟ್ (ಬೇಕಾದ ಬಿಸಿ ಬಂದಾಗ ತಾನಾಗಿ ಆರಿಸುವ ಸಾಧನ) ಇರುವ ಆಯಿಲ್ ಹೀಟರ್ ಸಣ್ಣ ಕೋಣೆಗೆ ಸಾಕಾಗುತ್ತದೆ. ಕೋಣೆ ದೊಡ್ಡದು, ಜೇಡ ಒಂದೆರಡೇ ಅನ್ನುವವರು ಹೀಗೆ ಮಾಡಬಹುದು: ಬಾಗಿಲಿರುವ ಒಂದು ಸಣ್ಣ ಕಪಾಟು ತೆಗೆದುಕೊಳ್ಳಿ. ಹೀಟ್ ಮ್ಯಾಟನ್ನು ಕಪಾಟಿನ ಒಳಗಿನ ಹಿಂದಿನ ಗೋಡೆಗೆ ಅಂಟಿಸಿ. ಜೇಡದ ಪೆಟ್ಟಿಗೆಗಳನ್ನು ಅದಕ್ಕೆ ತಾಗದಂತೆ ಒಂದು ಗೇಣು ದೂರ ಇಡಿ. ಮ್ಯಾಟನ್ನು ನೇರವಾಗಿ ಪ್ಲಗ್‌ಗೆ ಹಾಕದೆ ಥರ್ಮೋಸ್ಟಾಟ್ ಮೂಲಕ ಹಾಕಿ, ಅದರ ಪ್ರೋಬನ್ನು, ಅಂದರೆ ಬಿಸಿ ಅಳೆಯುವ ತುದಿಯನ್ನು, ಎಲ್ಲಕ್ಕಿಂತ ಬಿಸಿ ಇರುವ ಜಾಗದ ಪೆಟ್ಟಿಗೆಯ ಪಕ್ಕದಲ್ಲಿ ಇಡಿ. 24 ಅಥವಾ 25 ಡಿಗ್ರಿಗೆ ಹೊಂದಿಸಿ. ಆಮೇಲೆ ಜೇಡ ಇಲ್ಲದ ಖಾಲಿ ಪೆಟ್ಟಿಗೆ ಇಟ್ಟು ಒಂದು ಪೂರ್ತಿ ದಿನ ಓಡಿಸಿ ನೋಡಿ. ಕಪಾಟಿನ ಬಾಗಿಲಿಗೆ ಗಾಳಿ ಹೋಗುವ ಸಂದು ಇರಲಿ. ಥರ್ಮೋಸ್ಟಾಟ್ ಕೊಳ್ಳಲು ದುಡ್ಡಿಲ್ಲ ಅಂದರೆ ಮ್ಯಾಟೂ ಬೇಡ, ತಣ್ಣಗೇ ಇರಲಿ ಬಿಡಿ. ತಂಪಿನಲ್ಲಿ ಜೇಡ ನಿಧಾನವಾಗುತ್ತದೆ ಅಷ್ಟೇ, ಕಡಿವಾಣ ಇಲ್ಲದ ಮ್ಯಾಟಿನಲ್ಲಿ ಸಾಯುತ್ತದೆ.

ಬಿಸಿ ಮಾಡಿದಾಗ ಇನ್ನೊಂದು ಬದಲಾವಣೆ ಆಗುತ್ತದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಬಿಸಿ ಗಾಳಿ ತಣ್ಣನೆ ಗಾಳಿಗಿಂತ ಜಾಸ್ತಿ ನೀರನ್ನು ಹಿಡಿದುಕೊಳ್ಳಬಲ್ಲದು. 20 ಡಿಗ್ರಿಯಲ್ಲಿ 60 ಪರ್ಸೆಂಟ್ ತೇವಾಂಶ ಇರುವ ಗಾಳಿಯನ್ನು ನೀರು ಸೇರಿಸದೆ 30 ಡಿಗ್ರಿಗೆ ಕಾಯಿಸಿದರೆ ಅದೇ ಗಾಳಿಯ ತೇವಾಂಶ 33ರ ಆಸುಪಾಸಿಗೆ ಇಳಿಯುತ್ತದೆ. ಗಾಳಿಯಲ್ಲಿ ಇರುವ ನೀರು ಅಷ್ಟೇ, ಅದರ ದಾಹ ಮಾತ್ರ ಜಾಸ್ತಿ ಆಗಿರುತ್ತದೆ. ಆ ದಾಹ ತೀರುವುದು ನಿಮ್ಮ ಪೆಟ್ಟಿಗೆಯ ಮಣ್ಣಿನಿಂದ, ಬಟ್ಟಲಿನಿಂದ, ಕೊನೆಗೆ ಜೇಡದ ಮೈಯಿಂದ. ಹಾಗಾಗಿ ಹೀಟರ್ ಹಾಕಿದ ದಿನದಿಂದ ನೀರಿನ ಬಟ್ಟಲನ್ನು ಹೆಚ್ಚು ಸಲ ನೋಡಬೇಕು.

ಹೆಜ್ಜೆ 4: ಬೇಸಿಗೆಗೆ ತಯಾರಿ

ಚಳಿಗಿಂತ ಸೆಕೆಯೇ ಜಾಸ್ತಿ ಅಪಾಯ. 30 ದಾಟಿದಾಗ ಎಚ್ಚರ ಬೇಕು, 35ರ ಹತ್ತಿರ ಹೋದರೆ ಕೈಕಟ್ಟಿ ಕೂರುವ ಹಾಗಿಲ್ಲ.

ಮೊದಲು ಪೆಟ್ಟಿಗೆಯನ್ನು ಮೇಲಿನ ಹಲಗೆಯಿಂದ ನೆಲಕ್ಕೆ ಇಳಿಸಿ, ಮನೆಯಲ್ಲಿ ಎಲ್ಲಕ್ಕಿಂತ ತಂಪಾದ, ಬಿಸಿಲು ಬೀಳದ ಕೋಣೆಗೆ ಸಾಗಿಸಿ. ಬಟ್ಟಲನ್ನು ತುಂಬಿಸಿ. ಆಳವಾದ ಮಣ್ಣು ಹಾಕಿದ್ದರೆ ಈಗ ಅದು ಉಪಯೋಗಕ್ಕೆ ಬರುತ್ತದೆ, ಜೇಡ ತಾನಾಗಿಯೇ ಕೆಳಗೆ ಹೋಗುತ್ತದೆ. ಇನ್ನೂ ಬಿಸಿ ಇದ್ದರೆ ನೀರನ್ನು ಹೆಪ್ಪುಗಟ್ಟಿಸಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಹೊರಗೆ, ಪಕ್ಕದಲ್ಲಿ ಇಡಿ. ಒಳಗೆ ಐಸ್ ಹಾಕಬೇಡಿ. ಪೆಟ್ಟಿಗೆಯ ಒಂದು ಬದಿಗೆ ಒದ್ದೆ ಬಟ್ಟೆ ಹೊದಿಸುವುದೂ ಕೆಲಸ ಮಾಡುತ್ತದೆ, ಗಾಳಿ ಹೋಗುವ ತೂತುಗಳನ್ನು ಮಾತ್ರ ಮುಚ್ಚಬೇಡಿ. ಕೋಣೆಯಲ್ಲಿ ಫ್ಯಾನ್ ಓಡಲಿ, ಆದರೆ ಪೆಟ್ಟಿಗೆಗೆ ನೇರವಾಗಿ ಗಾಳಿ ಹೊಡೆಯುವುದು ಬೇಡ.

ಸೆಕೆ ಅಂತ ಪೆಟ್ಟಿಗೆಗೆಲ್ಲ ನೀರು ಸುರಿಯುವುದು ಪರಿಹಾರವಲ್ಲ. ಬಿಸಿ, ಒದ್ದೆ, ಗಾಳಿಯಿಲ್ಲ. ಈ ಮೂರು ಸೇರಿದರೆ ಅದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ.

ಹೆಜ್ಜೆ 5: ತೇವವನ್ನು ಮಣ್ಣಿನಲ್ಲಿ ಇಡಿ, ಗಾಳಿಯಲ್ಲಿ ಅಲ್ಲ

ಇದೇ ಇಡೀ ವಿಷಯದ ಜೀವಾಳ. ಮಣ್ಣು ಸರಿ ಇದ್ದರೆ ಉಳಿದದ್ದು ತಾನಾಗಿ ಸರಿ ಹೋಗುತ್ತದೆ.

ಹೆಚ್ಚಿನವರು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬಳಸುತ್ತಾರೆ, ಸುಲಭವಾಗಿ ಸಿಗುತ್ತದೆ, ಬೇಗ ಬೂಷ್ಟು ಹಿಡಿಯುವುದಿಲ್ಲ. ಬರೀ ಕೋಕೋಪೀಟ್ ಒಣಗಿದರೆ ತೀರಾ ಸಡಿಲ, ಬಿಲ ನಿಲ್ಲುವುದಿಲ್ಲ. ಗೊಬ್ಬರ, ಕೀಟನಾಶಕ ಏನೂ ಸೇರದ ಶುದ್ಧ ಮಣ್ಣನ್ನು ಬೆರೆಸಿದರೆ ಗಟ್ಟಿಯಾಗಿ ಕೂರುತ್ತದೆ. ಹಸಿ ಬಯಸುವ ಜೇಡಗಳಿಗೆ ಸ್ವಲ್ಪ ವರ್ಮಿಕ್ಯುಲೈಟ್ ಅನ್ನುವ ಹಗುರ ಖನಿಜದ ಚೂರು ಬೆರೆಸಬಹುದು, ಅದು ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತದೆ. ಪೀಟ್ ಮಾಸ್ (ಕೊಳೆತ ಪಾಚಿಯ ಪುಡಿ) ಬಳಸುವುದಾದರೆ ಒಂದು ವಿಷಯ ಗೊತ್ತಿರಲಿ, ಪೂರ್ತಿ ಒಣಗಿದ ಮೇಲೆ ಅದು ಸುಲಭಕ್ಕೆ ನೀರು ಹೀರುವುದಿಲ್ಲ, ಹಾಕಿದ ನೀರು ಮೇಲೆಯೇ ಹರಿದಾಡುತ್ತದೆ.

ನೆಲದ ಜೇಡಗಳಿಗೆ ಮಣ್ಣು ಆಳವಾಗಿರಲಿ, ದೊಡ್ಡ ಜೇಡಕ್ಕೆ ಕನಿಷ್ಠ 10 ಸೆಂಟಿಮೀಟರ್. ಬಿಲ ತೋಡುವವಕ್ಕೆ ಇನ್ನೂ ಜಾಸ್ತಿ. ಮಣ್ಣಿನ ಮೇಲಿಂದ ಮುಚ್ಚಳದವರೆಗಿನ ಎತ್ತರ, ಜೇಡ ಕಾಲು ಚಾಚಿದಾಗಿನ ಅಗಲದ ಒಂದೂವರೆ ಪಟ್ಟು ಮೀರದಿರಲಿ. ಇದು ತೇವದ ಮಾತಲ್ಲ, ಬಿದ್ದರೆ ಹೊಟ್ಟೆ ಒಡೆಯುತ್ತದೆ ಅನ್ನುವ ಕಾರಣಕ್ಕೆ.

ಕೋಕೋಪೀಟ್ ಇಟ್ಟಿಗೆಯನ್ನು ನೀರಲ್ಲಿ ನೆನೆಸಿದ ತಕ್ಷಣ ಪೆಟ್ಟಿಗೆಗೆ ಹಾಕಿ ಅದೇ ದಿನ ಜೇಡವನ್ನೂ ಬಿಡುವವರಿದ್ದಾರೆ. ಆಮೇಲೆ ‘ಜೇಡ ಗೋಡೆ ಬಿಟ್ಟು ಇಳಿಯುತ್ತಲೇ ಇಲ್ಲ’ ಅಂತ ಕೇಳುತ್ತಾರೆ. ಒದ್ದೆ ನೆಲದ ಮೇಲೆ ಕಾಲಿಡಲು ಅದಕ್ಕೆ ಇಷ್ಟವಿಲ್ಲ, ಅಷ್ಟೇ. ಒಣ ನೆಲದ ಜೇಡಕ್ಕಾದರೆ ಕೋಕೋಪೀಟನ್ನು ಚೆನ್ನಾಗಿ ಹಿಂಡಿ, ತೆಳ್ಳಗೆ ಹರಡಿ, ಕೆಲವು ದಿನ ಒಣಗಿಸಿ ಆಮೇಲೆ ಹಾಕಿ. ಹಸಿ ನೆಲದ ಜೇಡಕ್ಕಾದರೆ ಕೈಯಲ್ಲಿ ಹಿಡಿದು ಹಿಂಡಿ ನೋಡಿ. ಉಂಡೆ ಕಟ್ಟಬೇಕು, ಬೆರಳ ಸಂದಿನಿಂದ ನೀರು ತೊಟ್ಟಿಕ್ಕಬಾರದು. ತೊಟ್ಟಿಕ್ಕಿದರೆ ನೀರು ಜಾಸ್ತಿ, ಉದುರಿಹೋದರೆ ಕಡಿಮೆ.

ನೀರು ಹಾಕುವ ರೀತಿ ಹೀಗೆ. ಸ್ಪ್ರೇ ಬಾಟಲಿಯಿಂದ ಮೇಲೆಲ್ಲ ಚಿಮುಕಿಸಬೇಡಿ. ಮೇಲಿನ ಪದರ ಮಾತ್ರ ಒದ್ದೆಯಾಗಿ, ಮೀಟರಿನ ಮುಳ್ಳು ಮೇಲೆ ಹಾರಿ, ಕೆಲವು ಗಂಟೆಗಳಲ್ಲಿ ಎಲ್ಲಾ ಆವಿಯಾಗಿ ಮೊದಲಿದ್ದ ಕಡೆಗೇ ಬರುತ್ತದೆ. ಜೇಡಕ್ಕಂತೂ ಆ ಹನಿಗಳು ಮೈಗೆ ಬಿದ್ದರೆ ಸಿಟ್ಟೇ ಬರುತ್ತದೆ. ಅದರ ಬದಲು ಒಂದು ಮೂಲೆಯಲ್ಲಿ, ಜೇಡದ ಬಿಲದಿಂದ ದೂರ, ನಿಧಾನವಾಗಿ ನೀರು ಸುರಿಯಿರಿ. ಅದು ತಳಕ್ಕೆ ಇಳಿದು ಅಲ್ಲಿ ಹರಡುತ್ತದೆ. ಮೇಲೆ ಒಣ, ಕೆಳಗೆ ಹಸಿ, ಇದೇ ಬೇಕಾಗಿರುವುದು. ಮಣ್ಣು ತೀರಾ ಆಳ ಇದ್ದರೆ ಪೆಟ್ಟಿಗೆ ತಯಾರು ಮಾಡುವಾಗಲೇ ಮೂಲೆಯಲ್ಲಿ ಒಂದು ಸಣ್ಣ ಕೊಳವೆಯನ್ನು ತಳದವರೆಗೆ ನಿಲ್ಲಿಸಿ, ಅದರ ಮೂಲಕ ನೀರು ಹಾಕಬಹುದು. ಕೊಳವೆಯ ಬಾಯಿಯನ್ನು ಜೇಡ ಒಳಗೆ ಹೋಗದಂತೆ ಮುಚ್ಚಿಡಿ.

ಪೆಟ್ಟಿಗೆ ಪಾರದರ್ಶಕವಾಗಿದ್ದರೆ ಪಕ್ಕದಿಂದಲೇ ಗೊತ್ತಾಗುತ್ತದೆ. ಹಸಿ ಇರುವ ಮಣ್ಣು ಗಾಢ ಕಂದು, ಒಣಗಿದ್ದು ತಿಳಿ ಬಣ್ಣ. ಕೆಳಗಿನ ಮೂರನೇ ಒಂದು ಭಾಗ ಗಾಢವಾಗಿದ್ದರೆ ಹಸಿ ಬಯಸುವ ಜೇಡಗಳಿಗೂ ಸಾಕು. ಆ ಗಾಢ ಪಟ್ಟಿ ಕಿರಿದಾದಾಗ ಮತ್ತೆ ಮೂಲೆಗೆ ನೀರು. ಮೀಟರಿಗಿಂತ ಇದು ನೂರು ಪಾಲು ನಂಬಿಕೆಯ ಗುರುತು.

ಒಣ ನೆಲದ ಜೇಡಕ್ಕೆ ಇಷ್ಟೆಲ್ಲ ಬೇಡ. ಬಟ್ಟಲು ತುಂಬಿಸುವಾಗ ಸ್ವಲ್ಪ ನೀರು ಹೊರಗೆ ಚೆಲ್ಲಿದರೆ ಆ ಸುತ್ತಿನ ಮಣ್ಣು ಹಸಿಯಾಗುತ್ತದೆ, ಅಷ್ಟು ಸಾಕು. ಬೇಕಾದರೆ ಜೇಡ ಅಲ್ಲಿಗೆ ಹೋಗುತ್ತದೆ, ಬೇಡವಾದರೆ ಬಿಡುತ್ತದೆ. ಪೆಟ್ಟಿಗೆಯಲ್ಲಿ ಒಂದು ಕಡೆ ಹಸಿ, ಒಂದು ಕಡೆ ಒಣ ಎರಡೂ ಇದ್ದರೆ ಆಯ್ಕೆ ಅದರದೇ. ನಮಗಿಂತ ಅದಕ್ಕೇ ಚೆನ್ನಾಗಿ ಗೊತ್ತು.

ಹೆಜ್ಜೆ 6: ನೀರಿನ ಬಟ್ಟಲು

ಎಲ್ಲ ಜಾತಿಗೂ, ಎಲ್ಲ ಕಾಲಕ್ಕೂ ಬೇಕು. ‘ಮರುಭೂಮಿ ಜೇಡಕ್ಕೆ ನೀರು ಬೇಡ’ ಅನ್ನುವ ಮಾತು ಸುಳ್ಳು. ‘ಬಟ್ಟಲಲ್ಲಿ ಮುಳುಗಿ ಸಾಯುತ್ತದೆ’ ಅನ್ನುವುದೂ ಸುಳ್ಳು, ಮೈ ತುಂಬ ಇರುವ ಕೂದಲು ನೀರನ್ನು ತಳ್ಳುತ್ತದೆ. ಬಟ್ಟಲಿಗೆ ಸ್ಪಂಜು ಹಾಕಬೇಡಿ. ಅದು ಬ್ಯಾಕ್ಟೀರಿಯಾದ ಮನೆ, ಜೇಡಕ್ಕೆ ಅದರಿಂದ ಕುಡಿಯಲು ಸುಲಭವೂ ಅಲ್ಲ. ಜೇಡ ಬಟ್ಟಲೊಳಗೆ ಮಣ್ಣು ತುಂಬಿಸುತ್ತದೆ, ಬಲೆ ನೇಯುತ್ತದೆ, ಒಮ್ಮೊಮ್ಮೆ ಬಟ್ಟಲನ್ನೇ ಮಗುಚಿ ಹಾಕುತ್ತದೆ. ತೊಳೆದು ಮತ್ತೆ ತುಂಬಿಸಿ, ಬೇರೆ ದಾರಿ ಇಲ್ಲ.

ಹೆಜ್ಜೆ 7: ಗಾಳಿ ಆಡಲಿ

ತೇವ ಉಳಿಸಬೇಕು ಅಂತ ತೂತುಗಳಿಗೆ ಟೇಪ್ ಅಂಟಿಸುವವರಿಗೆ ಇದು. ಮೀಟರ್ 80 ತೋರಿಸುತ್ತದೆ ನಿಜ, ಆದರೆ ಒಳಗೆ ನಿಂತ ಗಾಳಿ, ಗೋಡೆ ತುಂಬ ನೀರ ಹನಿ, ಬೂಷ್ಟು, ಸಣ್ಣ ಸಣ್ಣ ಹುಳುಗಳು. ಮರದ ಮೇಲಿನ ಜೇಡಗಳು, ಅದರಲ್ಲೂ ವರ್ಸಿಕಲರ್ ಮರಿಗಳು, ಇಂಥ ಪೆಟ್ಟಿಗೆಯಲ್ಲಿ ಯಾವ ಮುನ್ಸೂಚನೆಯೂ ಇಲ್ಲದೆ ಸಾಯುತ್ತವೆ ಅನ್ನುವುದು ಸಾಕುವವರ ನಡುವೆ ಹಳೆಯ ದೂರು. ‘ಮಳೆಕಾಡಿನ ಜೇಡ, ಒದ್ದೆ ಬೇಕು’ ಅಂತ ಉಸಿರುಗಟ್ಟಿಸಿಬಿಡುತ್ತೇವೆ. ಮರದ ತುದಿಯಲ್ಲಿ ಮಳೆ ಬಂದರೂ ಗಾಳಿ ಬೀಸುತ್ತಾ ಇರುತ್ತದೆ ಅಲ್ವಾ.

ತೂತುಗಳು ಎದುರುಬದುರು ಬದಿಗಳಲ್ಲಿ ಇರಲಿ, ಒಂದು ಬದಿ ಸ್ವಲ್ಪ ಕೆಳಗೆ, ಇನ್ನೊಂದು ಬದಿ ಮೇಲೆ. ಆಗ ಗಾಳಿ ಒಳಗೆ ಬಂದು ಹಾದುಹೋಗುತ್ತದೆ. ಮುಚ್ಚಳದಲ್ಲಿ ಮಾತ್ರ ತೂತಿದ್ದರೆ ತಳದ ಗಾಳಿ ಅಲ್ಲೇ ನಿಲ್ಲುತ್ತದೆ. ತೂತು ಜೇಡದ ಮುಂಭಾಗದ ಗಟ್ಟಿ ಚಿಪ್ಪಿಗಿಂತ ಚಿಕ್ಕದಿರಬೇಕು. ಹೊಟ್ಟೆ ಕುಗ್ಗಿಸಿಕೊಂಡು ತೂರಬಲ್ಲದು, ಆ ಚಿಪ್ಪನ್ನು ಕುಗ್ಗಿಸಲಾಗದು. ಲೋಹದ ಜಾಲರಿ ಮುಚ್ಚಳ ಇದ್ದರೆ ಬದಲಿಸಿ, ಕಾಲಿನ ತುದಿಯ ಉಗುರು ಅದಕ್ಕೆ ಸಿಕ್ಕಿಕೊಂಡು ಜೇಡ ನೇತಾಡುತ್ತದೆ, ಕಾಲು ಕಳೆದುಕೊಳ್ಳುತ್ತದೆ. ತೂತು ಕೊರೆದ ಅಕ್ರಿಲಿಕ್ ಹಲಗೆ ಒಳ್ಳೆಯದು.

ಗಾಳಿ ಜಾಸ್ತಿ ಆದರೆ ಮಣ್ಣು ಬೇಗ ಒಣಗುತ್ತದೆ, ಹೌದು. ಆಗ ಗಾಳಿ ಮುಚ್ಚಬೇಡಿ, ನೀರು ಸ್ವಲ್ಪ ಬೇಗ ಬೇಗ ಹಾಕಿ. ಬೂಷ್ಟು ಕಂಡರೆ ಅಷ್ಟು ಭಾಗ ಚಮಚದಿಂದ ತೆಗೆದು ಹಾಕಿ, ತಿಂದು ಬಿಟ್ಟ ಹುಳುವಿನ ಚೂರುಗಳನ್ನು ಮರುದಿನವೇ ಎತ್ತಿ. ಸದಾ ಹಸಿ ಇರುವ ಪೆಟ್ಟಿಗೆಗೆ ಸ್ಪ್ರಿಂಗ್‌ಟೇಲ್ ಅನ್ನುವ ಸಣ್ಣ ಬಿಳಿ ಜೀವಿಗಳನ್ನು ಬಿಡುವುದು ಒಳ್ಳೆ ಉಪಾಯ, ಅವು ಬೂಷ್ಟನ್ನೇ ತಿಂದು ಬದುಕುತ್ತವೆ, ಜೇಡದ ತಂಟೆಗೆ ಹೋಗುವುದಿಲ್ಲ.

ಮರಿಗಳ ಮಾತು ಬೇರೆ

ದೊಡ್ಡ ಜೇಡದ ಮೈಮೇಲೆ ನೀರು ಆರದಂತೆ ತಡೆಯುವ ಮೇಣದ ಪದರ ಇರುತ್ತದೆ, ಒಳಗೆ ನೀರಿನ ದಾಸ್ತಾನೂ ಜಾಸ್ತಿ. ಬೆರಳ ಉಗುರಿಗಿಂತ ಚಿಕ್ಕ ಮರಿಗೆ ಆ ಅನುಕೂಲ ಇಲ್ಲ, ಬೇಗ ಒಣಗಿಬಿಡುತ್ತದೆ. ಹಾಗಾಗಿ ಜಾತಿ ಯಾವುದೇ ಆಗಲಿ, ಒಣ ನೆಲದ ಜೇಡದ ಮರಿಯೇ ಆಗಲಿ, ಡಬ್ಬಿಯ ಅರ್ಧ ಭಾಗ ಸದಾ ಸ್ವಲ್ಪ ಹಸಿ ಇರಲಿ. ಬಾಟಲಿಯ ಮುಚ್ಚಳದಷ್ಟು ಬಟ್ಟಲು ಇಡಲು ಜಾಗ ಇಲ್ಲದಿದ್ದರೆ ಒಂದು ಚಿಟಿಕೆ ಸ್ಫ್ಯಾಗ್ನಮ್ ಪಾಚಿ ಇಟ್ಟು ಅದನ್ನು ಡ್ರಾಪರ್‌ನಿಂದ ಒದ್ದೆ ಮಾಡುತ್ತಾ ಇರಿ. ಮರದ ಜೇಡದ ಮರಿಗಳಾದರೆ ಬಲೆಯ ಮೇಲೆ ಒಂದೆರಡು ಹನಿ ಹಾಕಿದರೆ ಅಲ್ಲಿಂದಲೇ ಕುಡಿಯುತ್ತವೆ. ಸಣ್ಣ ಡಬ್ಬಿ ಬೇಗ ಒಣಗುತ್ತದೆ, ಬೇಗ ಬಿಸಿಯೂ ಆಗುತ್ತದೆ, ವಾರಕ್ಕೆರಡು ಸಲವಾದರೂ ನೋಡಿ.

ಮೀಟರ್ ಇಟ್ಟೇ ಇಡುತ್ತೇನೆ ಅನ್ನುವವರಿಗೆ

ಇಡಿ, ಬೇಡ ಅನ್ನುವುದಿಲ್ಲ. ಆದರೆ ಮುಳ್ಳು ಇರುವ ದುಂಡನೆಯ ಅಗ್ಗದ ಮೀಟರ್‌ಗಳು ಹತ್ತು ಇಪ್ಪತ್ತು ಪರ್ಸೆಂಟ್ ತಪ್ಪು ತೋರಿಸುವುದು ಸಾಮಾನ್ಯ. ಡಿಜಿಟಲ್ ತೆಗೆದುಕೊಂಡರೂ ಒಮ್ಮೆ ಪರೀಕ್ಷೆ ಮಾಡಿ. ಒಂದು ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನ ಹದಕ್ಕೆ ಬರುವಷ್ಟು ಕೆಲವೇ ಹನಿ ನೀರು ಬೆರೆಸಿ. ಉಪ್ಪು ಕರಗಿಹೋಗಬಾರದು. ಮುಚ್ಚಳವನ್ನೂ ಮೀಟರನ್ನೂ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗಾಳಿ ಹೋಗದಂತೆ ಮುಚ್ಚಿ, ಒಂದು ದಿನ ಬಿಡಿ. ಒಳಗೆ ತೇವಾಂಶ 75 ಪರ್ಸೆಂಟ್‌ಗೆ ಬಂದು ನಿಲ್ಲುತ್ತದೆ. ನಿಮ್ಮ ಮೀಟರ್ 68 ತೋರಿಸಿದರೆ ಅದು 7 ಕಡಿಮೆ ಹೇಳುತ್ತಿದೆ ಅಂತ ಲೆಕ್ಕ. ಮೀಟರ್ ಸರಿಯಾಗಿದ್ದರೂ ಅದು ಹೇಳುವುದು ತಾನು ಅಂಟಿಕೊಂಡಿರುವ ಗೋಡೆಯ ಹತ್ತಿರದ ಗಾಳಿಯನ್ನು, ಬಿಲದೊಳಗಿನದ್ದನ್ನಲ್ಲ.

ಹೆಜ್ಜೆ 8: ಜೇಡವನ್ನೇ ಓದಿ

ಜೇಡ ಸದಾ ಗೋಡೆ ಹತ್ತಿ ನಿಂತಿದೆ, ನೆಲಕ್ಕೆ ಕಾಲು ಇಡುತ್ತಿಲ್ಲ: ಮಣ್ಣು ಜಾಸ್ತಿ ಒದ್ದೆ. ಹೊಸ ಪೆಟ್ಟಿಗೆಗೆ ಬಂದ ಮೊದಲ ಕೆಲವು ದಿನ ಎಲ್ಲ ಜೇಡಗಳೂ ಹೀಗೆ ಮಾಡುತ್ತವೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ನೀರಿನ ಬಟ್ಟಲ ಮೇಲೆಯೇ ಗಂಟೆಗಟ್ಟಲೆ ಕೂತಿರುತ್ತದೆ, ದಿನವೂ ಅದೇ: ಒಣಗಿದೆ. ಮೂಲೆಗೆ ನೀರು ಹಾಕಿ. ಒಮ್ಮೊಮ್ಮೆ ಬಂದು ಬಾಯಿ ಅದ್ದಿ ಹೋದರೆ ಅದು ಬರೀ ಕುಡಿಯುವುದು.

ಹೊಟ್ಟೆ ಚಿಕ್ಕದಾಗಿ ಸುಕ್ಕುಗಟ್ಟಿದೆ: ನೀರಿನ ಕೊರತೆ. ಇದಕ್ಕೆ ತಡ ಮಾಡಬಾರದು.

ಬಿಲದ ಬಾಯಿಯನ್ನು ಮಣ್ಣಿನಿಂದಲೋ ಬಲೆಯಿಂದಲೋ ಮುಚ್ಚಿಕೊಂಡಿದೆ: ಗಾಬರಿ ಬೇಡ, ಪೊರೆ ಬಿಡಲು ತಯಾರಿ ನಡೆದಿರಬಹುದು. ತೋಡಿ ತೆಗೆದು ನೋಡಬೇಡಿ, ದಯವಿಟ್ಟು.

ಕಾಲುಗಳೆಲ್ಲ ಮೈಯಡಿಗೆ ಮಡಚಿಕೊಂಡಿವೆ, ಮುಟ್ಟಿದರೂ ನಿಧಾನ: ಇದು ಅಪಾಯ. ಜೇಡದ ಕಾಲಿಗೆ ಮಡಚುವ ಸ್ನಾಯು ಇದೆ, ದೊಡ್ಡ ಕೀಲುಗಳನ್ನು ಚಾಚುವ ಸ್ನಾಯು ಇಲ್ಲ. ಮೈಯೊಳಗಿನ ದ್ರವವನ್ನು ಒತ್ತಡದಿಂದ ಕಾಲಿಗೆ ನೂಕಿ ಅದು ಕಾಲು ಚಾಚುತ್ತದೆ. ನೀರು ಕಡಿಮೆಯಾದರೆ ಒತ್ತಡ ಬರುವುದಿಲ್ಲ, ಕಾಲು ತಾನಾಗಿ ಒಳಗೆ ಮಡಚುತ್ತದೆ. ಆಗ ಆಳವಿಲ್ಲದ ಬಟ್ಟಲಲ್ಲಿ ನೀರು ತುಂಬಿಸಿ, ಮೆದು ಬ್ರಷ್ ಮತ್ತು ಒಂದು ಲೋಟದ ಸಹಾಯದಿಂದ ಜೇಡವನ್ನು ಹತ್ತಿರ ತಂದು, ಬಾಯಿ ನೀರಿಗೆ ತಾಗುವಂತೆ, ಹೊಟ್ಟೆ ನೀರಿನ ಹೊರಗೆ ಇರುವಂತೆ ಕೂರಿಸಿ. ಕೆಲವು ಗಂಟೆ ಹಾಗೇ ಬಿಡಿ. ಕಾರಣ ಬಾಯಾರಿಕೆ ಆಗಿದ್ದರೆ ಹೆಚ್ಚಾಗಿ ಚೇತರಿಸಿಕೊಳ್ಳುತ್ತದೆ. ಮುದಿ ಗಂಡು ಜೇಡವಾಗಿದ್ದರೆ ಅದರ ಕಾಲವೇ ಮುಗಿದಿರಬಹುದು.

ಪೊರೆ ಬಿಡುವ ಸಮಯ

ತಿನ್ನುವುದು ನಿಲ್ಲಿಸಿದೆ, ಹೊಟ್ಟೆ ಕಪ್ಪಾಗುತ್ತಿದೆ, ಮೈ ಬಣ್ಣ ಮಂಕಾಗಿದೆ ಅಂದರೆ ಪೊರೆ ಬಿಡುವ ದಿನ ಹತ್ತಿರ. ತೇವದ ವಿಷಯದಲ್ಲಿ ನಿಜಕ್ಕೂ ಗಮನ ಕೊಡಬೇಕಾದ ಸಮಯ ಇದೊಂದೇ. ಹಳೆ ಚರ್ಮಕ್ಕೂ ಹೊಸ ಚರ್ಮಕ್ಕೂ ನಡುವೆ ದ್ರವ ತುಂಬಿಕೊಳ್ಳಬೇಕು, ಜೇಡದ ಮೈಯಲ್ಲಿ ಸಾಕಷ್ಟು ನೀರಿಲ್ಲದಿದ್ದರೆ ಕಾಲು ಹಳೆ ಚರ್ಮದಲ್ಲೇ ಸಿಕ್ಕಿಕೊಳ್ಳುತ್ತದೆ. ಆ ನೀರು ಗಾಳಿಯಿಂದ ಬರುವುದಿಲ್ಲ, ಮೊದಲೇ ಕುಡಿದಿರಬೇಕು. ಹಾಗಾಗಿ ಲಕ್ಷಣ ಕಂಡ ದಿನದಿಂದಲೇ ಬಟ್ಟಲು ತುಂಬಿರಲಿ, ಸುತ್ತಿನ ಮಣ್ಣು ಸ್ವಲ್ಪ ಹಸಿ ಇರಲಿ.

ಜೇಡ ಅಂಗಾತ ಬಿದ್ದಿದ್ದರೆ ಸತ್ತಿಲ್ಲ, ಪೊರೆ ಬಿಡುತ್ತಿದೆ. ಮುಟ್ಟಬೇಡಿ, ತಿರುಗಿಸಬೇಡಿ, ಮೇಲೆ ನೀರು ಚಿಮುಕಿಸಬೇಡಿ. ಪೆಟ್ಟಿಗೆಯನ್ನು ಜರುಗಿಸಲೂ ಬೇಡಿ. ಒಳಗೆ ಆಹಾರದ ಹುಳು ಇದ್ದು ಅದನ್ನು ಸದ್ದಿಲ್ಲದೆ ತೆಗೆಯಲು ಆದರೆ ತೆಗೆಯಿರಿ, ಮೆತ್ತಗಿರುವ ಜೇಡವನ್ನು ಅದು ಕಚ್ಚಬಹುದು. ಮುಗಿದ ಮೇಲೆ ಹೊಟ್ಟೆ ಚಿಕ್ಕದಾಗಿ ಕಾಣುವುದು ಸಹಜ. ಕೋರೆಗಳು ಬಿಳಿಯಿಂದ ಕೆಂಪಾಗಿ ಪೂರ್ತಿ ಕಪ್ಪಾಗುವವರೆಗೆ ಊಟ ಬೇಡ, ನೀರು ಮಾತ್ರ. ದೊಡ್ಡ ಜೇಡಕ್ಕೆ ಇದಕ್ಕೆ ಒಂದೆರಡು ವಾರ ಬೇಕು.

ಊರಿಗೆ ಹೋಗುವಾಗ

ದೊಡ್ಡ ಜೇಡವನ್ನು ಒಂದು ವಾರ ಹತ್ತು ದಿನ ಬಿಟ್ಟು ಹೋಗಲು ಯಾರ ಸಹಾಯವೂ ಬೇಡ. ಹೋಗುವ ಮೊದಲು ದೊಡ್ಡ ಬಟ್ಟಲು ತುಂಬಿಸಿ, ಹಸಿ ಬಯಸುವ ಜೇಡವಾದರೆ ಮೂಲೆಗೆ ಮಾಮೂಲಿಗಿಂತ ಸ್ವಲ್ಪ ಜಾಸ್ತಿ ನೀರು ಹಾಕಿ, ಉಳಿದ ಹುಳುಗಳನ್ನೆಲ್ಲ ತೆಗೆದು, ಪೆಟ್ಟಿಗೆಯನ್ನು ಬಿಸಿಲು ಬರದ ತಂಪಾದ ಕೋಣೆಯ ಕೆಳಗಿನ ಹಲಗೆಗೆ ಇಳಿಸಿ. ಹೀಟ್ ಮ್ಯಾಟ್ ಇದ್ದರೆ, ಕಡು ಚಳಿ ಅಲ್ಲದಿದ್ದರೆ, ಆರಿಸಿ ಹೋಗಿ. ಕೋಣೆ ನೋಡಿಕೊಳ್ಳುವವರು ಯಾರಾದರೂ ಇದ್ದರೆ ಅವರಿಗೆ ಹೇಳಬೇಕಾದ್ದು ಎರಡೇ: ಕೀಟನಾಶಕ ಸ್ಪ್ರೇ ಹೊಡೆಯಬೇಡಿ, ಮುಚ್ಚಳ ತೆಗೆಯಬೇಡಿ. ಮರಿಗಳಿದ್ದರೆ ಮಾತ್ರ ಡ್ರಾಪರ್ ಹಿಡಿಯಲು ಗೊತ್ತಿರುವ ಒಬ್ಬರು ನಡುವೆ ಒಮ್ಮೆ ಬಂದು ಪಾಚಿ ಒದ್ದೆ ಮಾಡಿ ಹೋಗಬೇಕು.